ಅಕ್ಕನ ಏದುಸಿರಿಗೆ ಹಸುವಿನ ಡಾಕ್ಟರು

ನಮ್ಮ ಮನೆಯಲ್ಲಿ ಒಲೆ ಎರಡು, ಕೊಟ್ಟಿಗೆ ಒಂದು. ಅಣ್ಣತಮ್ಮಂದಿರು ಭಾಗವಾದಾಗ ಅಡಿಗೆಮನೆಯ ನಡುವೆ ಗೋಡೆ ಎದ್ದಿತು. ಅಂಗಳದ ನಡುವೆ ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ಕೊಟ್ಟಿಗೆಯ ಮಾತನ್ನಂತೂ ಯಾರೂ ಎತ್ತಲೇ ಇಲ್ಲ, ಯಾಕೆಂದರೆ ಅದು ನನ್ನ ವಾರಗಿತ್ತಿಯ ರಾಜ್ಯ. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅವಳನ್ನು ಅಕ್ಕ ಅನ್ನುತ್ತೇನೆ. ಜಗಳವಾಡುವಾಗಲೂ ಅಕ್ಕ ಅಂತಲೇ ಜಗಳವಾಡಿದ್ದೇನೆ. ನಮ್ಮೂರು ನಂದಗುಡಿ ಹೋಬಳಿಯ ಒಂದು ಸಣ್ಣ ಹಳ್ಳಿ. ರಾಗಿ, ತರಕಾರಿ, ಹಾಲು, ಇಷ್ಟರಲ್ಲೇ ಬದುಕು. ಈಚೆಗೆ ಕಾರಿನಲ್ಲಿ ಬಂದು ಎಕರೆ ಏನು ರೇಟು ಎಂದು ಕೇಳುವವರು ಹೆಚ್ಚಾಗಿದ್ದಾರೆ. ನಾನು ಹೋಬಳಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ಮಕ್ಕಳ ಮೇಲೆ ಕೂಗಿ ಕೂಗಿ ನನ್ನ ದನಿ ಮನೆಗೆ ಬಂದರೂ ತಗ್ಗುವುದಿಲ್ಲ. ಬಾಯಿ ಜೋರು ಅಂತ ಊರಿನವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾದವು. ಅವಳು ಅದಕ್ಕೆ ಹೆದರಿದವಳಲ್ಲ, ಅದನ್ನು ಕಡೆಗಣಿಸಿದವಳೂ ಅಲ್ಲ. ಊಟಕ್ಕೆ ಮುಂಚೆ ಮಾತ್ರೆ, ಮದುವೆಮನೆಯಲ್ಲಿ ಹೋಳಿಗೆ ಬಡಿಸಲು ಬಂದರೆ ಎಲೆಗೆ ಅಡ್ಡ ಕೈ, ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದಲ್ಲಿ ಬೆರಳಿಗೆ ಸೂಜಿ. ಸೂಜಿ ಚುಚ್ಚುವ ಹುಡುಗಿ "ಪರ್ವಾಗಿಲ್ಲ ಕಣಮ್ಮ, ಕಂಟ್ರೋಲಲ್ಲಿ ಐತೆ" ಅಂದರೆ ಆ ತಿಂಗಳು ಪಾಸು. ನಮಗೆಲ್ಲ ಅಷ್ಟೇ ಗೊತ್ತಿದ್ದದ್ದು. ಸಕ್ಕರೆ ಅಂದರೆ ಕಣ್ಣು, ಕಾಲು, ಕಿಡ್ನಿ ಅಂತ ಕೇಳಿದ್ದೆವು. ಎದೆಯ ಸುದ್ದಿ ಯಾರೂ ತೆಗೆದಿರಲಿಲ್ಲ.

ಇನ್ನು ಭಾವ, ಅಂದರೆ ಅವಳ ಗಂಡ. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಕೂಗಾಟವಿಲ್ಲ. ಆದರೆ ಅವರ ಕಣ್ಣೆಲ್ಲ ಕೊಟ್ಟಿಗೆಯ ಮೇಲೆ. ಕಟ್ಟಿದ್ದು ಒಂದೇ ಸೀಮೆಹಸು, ಕಪ್ಪು ಬಿಳಿ ಮಚ್ಚೆಯದು. ಅದು ಬೆಳಗ್ಗೆ ಸರಿಯಾಗಿ ಮೆಲುಕು ಹಾಕಿತೋ ಇಲ್ಲವೋ, ಸಗಣಿ ತೆಳ್ಳಗಿತ್ತೋ ಗಟ್ಟಿಯಾಗಿತ್ತೋ, ನೀರನ್ನು ಒಂದೇ ಉಸಿರಿಗೆ ಕುಡಿಯಿತೋ ಮೂಸಿ ಬಿಟ್ಟಿತೋ, ಎಲ್ಲ ಅವರಿಗೆ ಗೊತ್ತು. ಅದು ಕೆಮ್ಮಿದರೆ ಹೊಲದಲ್ಲಿದ್ದವರು ಮನೆಗೆ ಬರುತ್ತಿದ್ದರು. ಕೈ ಹಾಕಿ ಹಾಲು ಕರೆಯುವುದೊಂದು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಅದು ಅಕ್ಕನ ಕೆಲಸ. ಅವಳ ಕೈಗುಣಕ್ಕೆ ಊರಲ್ಲೇ ಹೆಸರಿತ್ತು. ಒದೆಯುವ ಎಮ್ಮೆಗಳನ್ನು ಪಳಗಿಸಲು ಬೇರೆಯವರ ಮನೆಯಿಂದ ಅವಳಿಗೆ ಕರೆ ಬರುತ್ತಿತ್ತು.

ಎರಡು ವರ್ಷದ ಹಿಂದೆ ಆ ಹಸುವಿನ ಹಾಲು ಇಳಿಯತೊಡಗಿತು. ಕರು ಹಾಕಿ ಇನ್ನೂ ಬಹಳ ದಿನವಾಗಿರಲಿಲ್ಲ, ಹಾಲು ಏರಬೇಕಾದ ಹೊತ್ತು. ಡೈರಿಗೆ ಹೋದ ಭಾವ ಮುಖ ಸಪ್ಪಗೆ ಮಾಡಿಕೊಂಡು ಬರುತ್ತಿದ್ದರು. ಮೊದಲು ಬೂಸ ಬದಲಾಯಿಸಿದರು. ಆಮೇಲೆ ಹಿಂಡಿ. ಆಮೇಲೆ ಯಾರೋ ಹೇಳಿದರೆಂದು ಸಬ್ಬಸಿಗೆ ಸೊಪ್ಪು, ಇನ್ಯಾರೋ ಹೇಳಿದರೆಂದು ಬೆಲ್ಲದ ನೀರು. ಎದುರುಮನೆಯ ಹೆಂಗಸಿನ ಕಣ್ಣು ಬಿದ್ದಿದೆ ಅಂತ ತೀರ್ಮಾನವಾಗಿ, ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದೆವು, ಹಸು ಮಾತ್ರ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಕೊನೆಗೆ ದನದ ಡಾಕ್ಟರು ಬೈಕಿನಲ್ಲಿ ಬಂದರು. ಕೆಚ್ಚಲು ಹಿಚುಕಿ ನೋಡಿದರು, ಹಾಲಿಗೆ ಯಾವುದೋ ದ್ರವ ಬೆರೆಸಿ ನೋಡಿದರು, ಕೆಚ್ಚಲು ಬಾವು ಇಲ್ಲ ಅಂದರು. ಜ್ವರ ನೋಡಿದರು, ಅದೂ ಇಲ್ಲ. ಸುಣ್ಣದ ಅಂಶದ ಬಾಟಲಿ ಬರೆದುಕೊಟ್ಟರು, ಒಂದು ಇಂಜೆಕ್ಷನ್ ಹಾಕಿದರು. ಭಾವ ಅವರನ್ನು ಮತ್ತೆ ಮತ್ತೆ ಕರೆಸಿದರು.

ಈಗಲೇ ಹೇಳಿಬಿಡುತ್ತೇನೆ. ಅಷ್ಟು ದಿನವೂ ಹಸುವಿಗೆ ಏನೂ ಆಗಿರಲಿಲ್ಲ. ಆಗಿದ್ದದ್ದು ಅಕ್ಕನಿಗೆ. ಅವಳ ಹೃದಯದ ಸ್ನಾಯು ಸದ್ದಿಲ್ಲದೆ ಬಿಗಿಯುತ್ತಿತ್ತು. ನಾವು ಅದೇ ಕೊಟ್ಟಿಗೆಯಲ್ಲಿ ಅವಳ ಪಕ್ಕದಲ್ಲೇ ನಿಂತು ಹಸುವಿನ ಬಾಯಿ ಬಿಡಿಸಿ ನಾಲಿಗೆ ನೋಡುತ್ತಿದ್ದೆವು.

ಅಕ್ಕ ತಾನಾಗಿ ಏನೂ ಹೇಳಲಿಲ್ಲ. ಮುಚ್ಚಿಟ್ಟಳು ಅಂತಲ್ಲ, ಅವಳಿಗೇ ಅದು ತಿಳಿದಿರಲಿಲ್ಲ. ಸುಸ್ತಾದರೆ ಶುಗರ್ರು. ಏದುಸಿರು ಬಂದರೆ ವಯಸ್ಸು. ಎದೆ ಭಾರವಾದರೆ ಗ್ಯಾಸು. ನಮ್ಮ ಕಡೆ ಗ್ಯಾಸು ಅನ್ನುವುದೊಂದು ದೊಡ್ಡ ಡಬ್ಬ, ಎದೆಯಿಂದ ಹೊಟ್ಟೆವರೆಗಿನ ಎಲ್ಲ ಕಷ್ಟವನ್ನೂ ಅದಕ್ಕೆ ತುಂಬಬಹುದು. ಭಾವ ಅಂಗಡಿಯಿಂದ ಗೋಲಿ ಸೋಡಾ ತಂದುಕೊಡುತ್ತಿದ್ದರು. ಅಕ್ಕ ಕುಡಿದು ತೇಗುತ್ತಿದ್ದಳು. ತೇಗು ಬಂದರೆ ಕಾಯಿಲೆ ಹೋಯಿತು ಅಂತ ಲೆಕ್ಕ.

ಹಾಲು ಏರದೇ ಇದ್ದಾಗ ಭಾವ ಹಸುವನ್ನು ಮಾರುವುದೆಂದು ನಿಶ್ಚಯಿಸಿದರು. ಅಕ್ಕ ಆ ದಿನ ಊಟ ಮಾಡಲಿಲ್ಲ. ಆದರೂ ಬೇಡ ಅನ್ನಲಿಲ್ಲ. ನಮ್ಮ ಕಡೆ ಹಸು ಕೊಳ್ಳುವವರು ಬಾಯಿಮಾತು ನಂಬುವುದಿಲ್ಲ. ಹಾಲು ಕರೆಯುವ ಹೊತ್ತಿಗೆ ಬಂದು, ತಾವೇ ಕೂತು, ತಮ್ಮ ಕೈಯಿಂದಲೇ ಕರೆದು ನೋಡುತ್ತಾರೆ. ಮನೆಯವರು ಮುಟ್ಟುವ ಹಾಗಿಲ್ಲ. ಆ ಸಂಜೆ ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ದಲ್ಲಾಳಿಯೊಬ್ಬ ಪ್ಯಾಂಟು ಮಡಿಸಿಕೊಂಡು ಹಸುವಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಎತ್ತರದ ಆಳು, ಬಾಯಲ್ಲಿ ಎಲೆಅಡಿಕೆ. ಭಾವ ಕೈಕಟ್ಟಿಕೊಂಡು ನಿಂತಿದ್ದರು. ಅಕ್ಕ ಬಾಗಿಲ ಹತ್ತಿರ, ಕರುವಿನ ಹಗ್ಗ ಹಿಡಿದುಕೊಂಡು.

ಅವನು ನಿಲ್ಲಿಸದೆ ಕರೆದ. ಬಕೆಟ್ಟಿನ ತಳಕ್ಕೆ ಬೀಳುವ ಹಾಲಿನ ಸದ್ದು ಮೊದಲು ತೆಳುವಾಗಿತ್ತು, ಆಮೇಲೆ ದಪ್ಪವಾಯಿತು, ನೊರೆ ಮೇಲೆದ್ದಿತು. ಅವನು ಎದ್ದಾಗ ಬಕೆಟ್ಟು ತುಂಬಿ ನೊರೆ ಅಂಚಿಗೆ ಬಂದಿತ್ತು. ಅಷ್ಟು ಹಾಲನ್ನು ನಾವು ತಿಂಗಳುಗಟ್ಟಲೆ ನೋಡಿರಲಿಲ್ಲ.

"ಏನ್ ಯಜಮಾನ್ರೇ, ಹಾಲು ಕಮ್ಮಿ ಅಂದ್ರಿ?" ಅಂದ ಅವನು, ಬಾಯಲ್ಲಿದ್ದದ್ದನ್ನು ಆಚೆ ಉಗಿದು ಬಂದು. "ಹಸು ಚಿನ್ನದಂಗೈತೆ. ನಿಮ್ಮನೇಲಿ ಕರಿಯೋರ ಕೈ ಸರಿ ಇಲ್ಲ ಅಷ್ಟೇ."

ಭಾವನಿಗೆ ಆ ಮಾತಿನ ಮುಳ್ಳು ಚುಚ್ಚಲೇ ಇಲ್ಲ. ಮುಖ ಊರಗಲ ಆಯಿತು. ಹಸುವಿನ ಬೆನ್ನು ತಟ್ಟಿ, "ನನಗೊತ್ತಿತ್ತು, ಇದಕ್ಕೇನೂ ಆಗಿಲ್ಲ ಅಂತ ನನಗೊತ್ತಿತ್ತು! ಹೋಗಪ್ಪಾ, ಮಾರಲ್ಲ ನಾನು" ಅಂದರು. ದಲ್ಲಾಳಿ ಬೈದುಕೊಂಡು ಹೋದ. ನಾನು ಅಕ್ಕನ ಕಡೆ ನೋಡಿದೆ. ಹೊಡೆಸಿಕೊಂಡವಳ ಹಾಗೆ ನಿಂತಿದ್ದಳು. ಇಡೀ ಊರು ಹೊಗಳಿದ ಕೈಗಳು ಅವು. ಸೀರೆಗೆ ಒರೆಸಿಕೊಂಡು ಒರೆಸಿಕೊಂಡು ಅವನ್ನೇ ನೋಡಿಕೊಳ್ಳುತ್ತಿದ್ದಳು.

"ನನ್ನ ಕೈಗೇನಾಯ್ತೇ?" ಅಂತ ನನ್ನನ್ನು ಕೇಳಿದಳು. ಅಳುವುದು ಅವಳ ಜಾಯಮಾನವಲ್ಲ. ಆ ಸಂಜೆ ಅತ್ತಳು. ನನಗೆ ದಲ್ಲಾಳಿಯ ಮೇಲೆ ಬಂದ ಕೋಪಕ್ಕಿಂತ ಹೆಚ್ಚು ಕೋಪ ಹಸುವಿನ ಬೆನ್ನು ತಟ್ಟುತ್ತಿದ್ದ ಭಾವನ ಮೇಲೆ ಬಂತು.

ಮಾರನೆಯ ಬೆಳಗ್ಗೆ ನಾನು ಅಡಿಗೆ ಬಿಟ್ಟು ಕೊಟ್ಟಿಗೆಗೆ ಹೋದೆ. ಅಕ್ಕ ಹಾಲು ಕರೆಯುವುದನ್ನು ನಾನು ಎಷ್ಟು ಸಲ ನೋಡಿಲ್ಲ! ಆದರೆ ಅದು ನೋಡುವುದಲ್ಲ, ಹಾದುಹೋಗುವಾಗ ಕಣ್ಣಿಗೆ ಬೀಳುವುದು. ಅವತ್ತು ಗೂಟಕ್ಕೆ ಒರಗಿಕೊಂಡು ನಿಂತು ನೋಡಿದೆ. ಅಕ್ಕ ಕೆಚ್ಚಲು ತೊಳೆದಳು, ಬೆರಳಿಗೆ ಎಣ್ಣೆ ಸವರಿಕೊಂಡಳು, ಕುಕ್ಕರಗಾಲಲ್ಲಿ ಕೂತು, ಮಂಡಿಗಳ ನಡುವೆ ಬಕೆಟ್ಟು ಸಿಕ್ಕಿಸಿಕೊಂಡು, ಮುಂದಕ್ಕೆ ಬಾಗಿ ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿದಳು. ಮೊದಲ ಹಾಲು ಚುರ್ ಚುರ್ ಅಂತ ಬಿತ್ತು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಅಕ್ಕ ಹಣೆ ಎತ್ತಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಕಣ್ಣು ಮುಚ್ಚಿದ್ದವು, ಬಾಯಿ ತೆರೆದಿತ್ತು, ಹೆಗಲು ಮೇಲೆ ಕೆಳಗೆ ಆಡುತ್ತಿದ್ದವು. ಉಸಿರು ಹಿಂದಕ್ಕೆ ಬಂದಮೇಲೆ ಮತ್ತೆ ಬಾಗಿದಳು. ಮತ್ತೆ ನಾಲ್ಕು ಧಾರೆ, ಮತ್ತೆ ನೆಟ್ಟಗೆ. ಹಸು ತಿರುಗಿ ಅವಳನ್ನು ನೋಡಿತು. ಕರೆಯುವ ಕೈ ನಡುನಡುವೆ ನಿಂತರೆ ಹಸು ಹಾಲು ಏರಿಸಿಕೊಂಡುಬಿಡುತ್ತದೆ, ತೊಟ್ಟಿಗೆ ಇಳಿಸುವುದಿಲ್ಲ, ಅದು ದನ ಕಟ್ಟಿದ ಯಾರಿಗೂ ಗೊತ್ತಿರುವ ಮಾತು. ಅಕ್ಕನಿಗೂ ಗೊತ್ತಿತ್ತು. ಕೊನೆಗೆ ತೊಟ್ಟು ಎಷ್ಟು ಎಳೆದರೂ ಏನೂ ಬರಲಿಲ್ಲ.

"ಎಷ್ಟು ದಿನದಿಂದ ಹಿಂಗೆ?" ಅಂದೆ.

ಬೆಚ್ಚಿ ತಿರುಗಿದಳು. "ಏನು ಹಿಂಗೆ? ಬಗ್ಗಿದ್ರೆ ಒಸಿ ಉಸಿರು ಕಟ್ಟುತ್ತೆ. ಹೊಟ್ಟೆ ಬಂದೈತಲ್ಲ, ಅದು ಒತ್ತುತ್ತೆ ಕಣೇ."

"ಹೊಟ್ಟೆ ನನಗೂ ಬಂದೈತೆ ಅಕ್ಕ. ನಾನು ಬಗ್ಗಿ ಮನೆ ಒರೆಸ್ತೀನಿ. ನಂಗೆ ಹಿಂಗಾಗಲ್ಲ."

"ನಿನಗೆ ಶುಗರ್ ಇಲ್ಲ" ಅಂದಳು. ಎಲ್ಲ ಪ್ರಶ್ನೆಗೂ ಅದೇ ಉತ್ತರ ಅನ್ನುವ ಹಾಗೆ ಹೇಳಿ ಬಕೆಟ್ಟು ಎತ್ತಿಕೊಂಡು ಎದ್ದಳು. ಎದ್ದಮೇಲೂ ಗೋಡೆ ಹಿಡಿದು ನಿಂತಿದ್ದಳು.

ಆ ದಿನ ನಾನು ರಜ ಹಾಕಿದೆ. ಅಂಗಳದಲ್ಲಿ ಭಾವನನ್ನು ತಡೆದು ನಿಲ್ಲಿಸಿದೆ. ಮಾಮೂಲಿಯಾಗಿ ನಾನು ಭಾವನ ಎದುರು ದನಿ ಎತ್ತುವವಳಲ್ಲ, ಎತ್ತಿದರೂ ಬಾಗಿಲ ಆಚೆಯಿಂದ. ಅವತ್ತು ಎದುರಿಗೇ ನಿಂತು, "ಭಾವ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನೀವು ಮಾಡಿರೋದು ಅದೇ. ಹಸೂಗಲ್ಲ, ನಿಮ್ಮ ಹೆಂಡ್ತಿಗೆ ಹುಷಾರಿಲ್ಲ" ಅಂದೆ.

"ಅವಳಿಗೇನಾಗೈತಮ್ಮಾ? ಗ್ಯಾಸು. ಸೋಡಾ ಕುಡಿದ್ರೆ ಸರಿ ಹೋಗುತ್ತೆ" ಅಂದರು. ತಮಾಷೆಗಲ್ಲ, ನಿಜವಾಗಿ ನಂಬಿಯೇ ಅಂದರು. ನಾನು ಆ ಸೋಡಾ ಅಂಗಡಿಗೆ ಬೆಂಕಿ ಬೀಳಲಿ ಅಂತ ಬೈದು ಅಕ್ಕನನ್ನು ಹೊರಡಿಸಿದೆ.

ಮೊದಲು ಹೋದದ್ದು ಹತ್ತಿರದ ಒಂದು ಕ್ಲಿನಿಕ್ಕಿಗೆ. ಸಕ್ಕರೆ ನೋಡಿದರು, ಬಿಪಿ ನೋಡಿದರು, ಎದೆಗೆ ವೈರು ಅಂಟಿಸಿ ಇಸಿಜಿ ಪಟ್ಟಿ ತೆಗೆದರು. "ಇಸಿಜಿ ಚೆನ್ನಾಗಿದೆಯಮ್ಮ, ಹಾರ್ಟಿಗೇನೂ ಇಲ್ಲ, ವಯಸ್ಸಾಯ್ತಲ್ಲ" ಅಂದರು. ಅಕ್ಕ ನನ್ನ ಕಡೆ ತಿರುಗಿ, ಪರೀಕ್ಷೆಯಲ್ಲಿ ಗೆದ್ದವಳ ಹಾಗೆ ನೋಡಿದಳು. ಯಾರೇ ಆದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ನಿಲ್ಲಿಸಲಿಲ್ಲ, ಯಾಕೆಂದರೆ ಬೆಳಗ್ಗೆ ಕೊಟ್ಟಿಗೆಯಲ್ಲಿ ಕಂಡದ್ದು ಇನ್ನೂ ಕಣ್ಣಲ್ಲಿತ್ತು. ಜೊತೆಗೆ ನನ್ನ ಹಟ ನನಗೇ ಗೊತ್ತು. ಮುಂದಿನ ವಾರ ಹೊಸಕೋಟೆಗೆ, ಹೃದಯದ ಡಾಕ್ಟರ ಹತ್ತಿರ ಹೋಗೋಣ ಅಂದೆ. ಅಕ್ಕ ಒಲ್ಲೆ ಅಂದಳು. ಹಾಗಾದರೆ ನಾಳೆಯಿಂದ ನಿನ್ನ ಜೊತೆ ಮಾತಿಲ್ಲ ಅಂದೆ. ನಿನ್ನ ಮಾತಿಲ್ಲದೆ ಮನೆ ಎಷ್ಟು ತಣ್ಣಗಿರುತ್ತೆ ಗೊತ್ತಾ ಅಂತ ಚುಡಾಯಿಸಿದಳು. ಕೊನೆಗೆ ಬಂದಳು. ಭಾವನೂ ಬಂದರು, ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಹಸುವಿನ ಬಗ್ಗೆ ಯಾರ ಜೊತೆಯೋ ಫೋನಿನಲ್ಲಿ ಮಾತಾಡುತ್ತಾ.

ಹೃದಯದ ಡಾಕ್ಟರು ವಯಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರಷ್ಟಿದ್ದ ಹೆಣ್ಣುಮಗಳು. ಭಾವ ಒಳಗೆ ಬರಲಿಲ್ಲ, ಹೆಂಗಸರ ವಿಷಯ ಅಂತ ಹೊರಗಿನ ಬೆಂಚಿನಲ್ಲೇ ಕೂತರು. ಡಾಕ್ಟರು ಇಸಿಜಿ ನೋಡಿ ಪಕ್ಕಕ್ಕಿಟ್ಟರು. "ಏನು ತೊಂದರೆ?" ಅಂತ ಕೇಳಿದಾಗ ಅಕ್ಕ "ಏನೂ ಇಲ್ಲ, ಇವಳು ಎಳ್ಕೊಂಡು ಬಂದ್ಬಿಟ್ಟಳು" ಅಂದಳು. ಡಾಕ್ಟರು ನಕ್ಕು ಬೇರೆ ಥರ ಕೇಳಿದರು.

"ಹೋದ ವರ್ಷ ಮಾಡ್ತಿದ್ದ ಯಾವ ಕೆಲಸವನ್ನ ಈ ವರ್ಷ ಬಿಟ್ಟಿದ್ದೀರಮ್ಮ?"

ಅಕ್ಕ ಏನೂ ಬಿಟ್ಟಿಲ್ಲ ಅಂದಳು. ಆಮೇಲೆ ತಾನೇ ನಿಧಾನವಾಗಿ ಹೇಳುತ್ತಾ ಹೋದಳು. ಹುಲ್ಲಿನ ಹೊರೆ ಈಗ ಚಿಕ್ಕದು ಕಟ್ಟುತ್ತಾಳೆ. ಮಹಡಿ ಮೇಲೆ ಹಪ್ಪಳ ಒಣಗಿಸುವುದನ್ನು ಬಿಟ್ಟು ಅಂಗಳದಲ್ಲೇ ಹಾಕುತ್ತಾಳೆ. ಬಾಗಿಲ ಮುಂದಿನ ರಂಗೋಲಿ ಚಿಕ್ಕದಾಗಿದೆ. ನಂದಗುಡಿಗೆ ನಡೆದು ಹೋಗುವ ಬದಲು ಆಟೋ ಕಾಯುತ್ತಾಳೆ. ಹೇಳುತ್ತಾ ಹೇಳುತ್ತಾ ಅವಳಿಗೇ ಆಶ್ಚರ್ಯವಾಯಿತು. ಒಂದೊಂದನ್ನೂ ಒಂದೊಂದು ನೆಪಕ್ಕೆ ಬಿಟ್ಟಿದ್ದಳು, ಒಟ್ಟಿಗೆ ಬಿಟ್ಟದ್ದಲ್ಲ. ಅದೇ ಮನೆಯಲ್ಲಿ ಓಡಾಡುವ ನನಗೂ ಅಷ್ಟನ್ನು ಒಟ್ಟಿಗೆ ಕೇಳಿದ್ದು ಅವತ್ತೇ.

"ಹಾಲು ಕರಿಯುವಾಗ ಹೇಗೆ ಕೂರ್ತೀರಿ? ತೋರಿಸಿ" ಅಂದರು ಡಾಕ್ಟರು.

ಅಕ್ಕ ನಾಚಿದಳು. ಆಮೇಲೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಆ ನುಣುಪು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಹಸು ಬೇಕಲ್ಲ? ಡಾಕ್ಟರು ತಮ್ಮ ತಿರುಗುವ ಸ್ಟೂಲನ್ನು ಮುಂದಕ್ಕೆ ತಳ್ಳಿದರು. ಅಕ್ಕ ಅದರ ಅಂಚಿಗೆ ಹಣೆ ಕೊಟ್ಟು ಬಾಗಿ, ಗಾಳಿಯಲ್ಲಿ ಎರಡು ಕೈಯನ್ನೂ ಆಡಿಸಿದಳು. ನನಗೆ ನಗು ತಡೆಯಲಾಗಲಿಲ್ಲ, ಡಾಕ್ಟರಿಗೂ ಬಂತು. ಅಷ್ಟರಲ್ಲಿ ಅಕ್ಕನ ಕೈ ನಿಂತಿತು. ಅವಳು ತಲೆ ಎತ್ತಿದಾಗ ಕತ್ತಿನ ನರ ಉಬ್ಬಿದ್ದವು, ಮಾತು ಬರುತ್ತಿರಲಿಲ್ಲ. ಯಾರೂ ನಗಲಿಲ್ಲ ಆಮೇಲೆ. ಡಾಕ್ಟರೇ ತೋಳು ಹಿಡಿದು ಎಬ್ಬಿಸಿದರು.

ಎಕೋ ಮಾಡಿದರು. ಕತ್ತಲೆ ಮಾಡಿದ ಕೋಣೆ, ಎಡಮಗ್ಗುಲಾಗಿ ಮಲಗಿದ ಅಕ್ಕ, ಎದೆಗೆ ತಣ್ಣನೆಯ ಅಂಟು. ಪರದೆಯ ಮೇಲೆ ಅವಳ ಹೃದಯ ಬಡಿದುಕೊಳ್ಳುವುದನ್ನು ನಾನು ನೋಡಿದೆ. ಜೊತೆಗಿದ್ದು ಕೂಡಿ ಬೇಯಿಸಿ ತಿಂದು ಜಗಳವಾಡಿದ ಅಷ್ಟೂ ವರ್ಷ ಅದು ಹೀಗೇ ಬಡಿದುಕೊಳ್ಳುತ್ತಿತ್ತಲ್ಲ ಅನ್ನಿಸಿತು. ರಕ್ತದಲ್ಲೂ ಒಂದು ಪರೀಕ್ಷೆ ಮಾಡಿಸಿದರು, ಹೃದಯಕ್ಕೆ ಒತ್ತಡ ಬಿದ್ದರೆ ಅದರಲ್ಲಿ ಗೊತ್ತಾಗುತ್ತದಂತೆ. ಎಲ್ಲ ಬಂದಮೇಲೆ ಡಾಕ್ಟರು ಮುಷ್ಟಿ ಹಿಡಿದು ಬಿಟ್ಟು ತೋರಿಸುತ್ತಾ ಹೇಳಿದರು.

"ಹೃದಯ ಒಂದು ಸಲ ಹಿಂಡುತ್ತೆ, ಒಂದು ಸಲ ಸಡಿಲ ಆಗುತ್ತೆ. ಸಡಿಲ ಆದಾಗ ರಕ್ತ ತುಂಬ್ಕೊಳ್ಳುತ್ತೆ. ನಿಮ್ಮದು ಹಿಂಡೋದು ಚೆನ್ನಾಗೇ ಇದೆ. ಆದರೆ ಸ್ನಾಯು ಸ್ವಲ್ಪ ಬಿಗಿಯಾಗಿದೆ, ಸರಿಯಾಗಿ ಸಡಿಲ ಆಗ್ತಿಲ್ಲ. ಬಹಳ ವರ್ಷ ಸಕ್ಕರೆ ಇದ್ದೋರಲ್ಲಿ ಕೆಲವರಿಗೆ ಹೀಗಾಗುತ್ತೆ. ನೋವು ಬರಲ್ಲ, ಇಸಿಜಿಯಲ್ಲೂ ಕಾಣದೇ ಇರಬಹುದು."

ಅಕ್ಕ ತನ್ನ ಮುಷ್ಟಿಯನ್ನೂ ಹಿಡಿದು ಬಿಟ್ಟು ನೋಡಿದಳು. "ಹಾಲು ಕರಿಯೋದೂ ಹಂಗೇ ಅಲ್ವಾ ಮೇಡಮ್? ಹಿಂಡಿದ್ಮೇಲೆ ಬೆರಳು ಸಡಿಲ ಬಿಡ್ಬೇಕು. ಬಿಡ್ದಿದ್ರೆ ತೊಟ್ಟಿಗೆ ಹಾಲು ಇಳಿಯಲ್ಲ."

"ಹೌದಮ್ಮ, ಹಾಗೇ" ಅಂದರು ಅವರು. ಆಮೇಲೆ ಮಾತ್ರೆಗಳನ್ನು ಬದಲಾಯಿಸಿದರು, ಬಿಪಿಯನ್ನು ಹತೋಟಿಯಲ್ಲಿ ಇಡಬೇಕೆಂದರು, ಉಪ್ಪು ಕಮ್ಮಿ, ದಿನಾ ನಿಧಾನವಾಗಿ ನಡಿಗೆ, ಸದ್ಯಕ್ಕೆ ಹಾಲು ಕರೆಯುವುದು ಬೇಡ ಅಂದರು. ಇದು ಪೂರ್ತಿ ಹೋಗುವ ಕಾಯಿಲೆಯಾ ಅಂತ ನಾನು ಕೇಳಿದೆ. ಅವರು ಹೂವಿನ ಮಾತು ಆಡಲಿಲ್ಲ. ಪೂರ್ತಿ ಹೋಗುತ್ತೆ ಅಂತ ಹೇಳಲ್ಲ, ಆದರೆ ಈ ಹಂತದಲ್ಲಿ ಸಿಕ್ಕರೆ ತಡೆದು ನಿಲ್ಲಿಸಬಹುದು, ಬಹಳ ಜನ ನೀರು ತುಂಬಿ ಕಾಲು ಊದಿಕೊಂಡು ಮಲಗಲಾರದ ಸ್ಥಿತಿಯಲ್ಲೇ ಬರ್ತಾರೆ ಅಂದರು. ಹುಷಾರಾಗಿ ನೋಡಿಕೊಳ್ಳಬೇಕಾದ್ದು ಉಸಿರು, ಕಾಲಿನ ಊತ, ಮಲಗುವ ರೀತಿ. ಇವರಂತೂ ತಾವಾಗಿ ಹೇಳಲ್ಲ, ಮನೆಯವರು ಕಣ್ಣಿಟ್ಟಿರಬೇಕು ಅಂತ ನನಗೆ ಹೇಳಿದರು. ಬೆಂಚಿನ ಮೇಲೆ ಕೂತವರಿಗೆ ಹೇಳಬೇಕಾದ ಮಾತು ಅದು, ಅಂದುಕೊಂಡೆ. ಹೊರಗೆ ಬಂದು ಎಲ್ಲವನ್ನೂ ಭಾವನಿಗೆ ಒಪ್ಪಿಸಿದೆ. ಅವರು ತಲೆ ಆಡಿಸಿದರು, "ಹಾರ್ಟಾ?" ಅಂತ ಎರಡು ಸಲ ಕೇಳಿದರು.

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಮೂವರಿಗೂ ಒಂದೇ ಸಾಲಿನಲ್ಲಿ ಜಾಗ ಸಿಕ್ಕಿತು. ಊರಿನ ದಾರಿ ಹಿಡಿದಮೇಲೆ ಅಕ್ಕ ನಗುನಗುತ್ತಲೇ ಒಂದು ಮಾತು ಆಡಿದಳು.

"ಹಸು ಹಾಲು ಕಮ್ಮಿ ಮಾಡ್ತು, ಅದಕ್ಕೆ ಡಾಕ್ಟ್ರು ಬಂದ್ರು. ನಾನು ಏನು ಕಮ್ಮಿ ಮಾಡಿದ್ದಿದ್ರೆ ನನಗೆ ಬರ್ತಿದ್ರೋ."

ಯಾರ ಕಡೆಗೂ ನೋಡದೆ ಹೇಳಿದಳು. ಬೈಗುಳದ ದನಿಯಲ್ಲ, ದೂರಿನ ದನಿಯೂ ಅಲ್ಲ. ಭಾವ ಕಿಟಕಿಯ ಆಚೆ ನೋಡುತ್ತಿದ್ದರು. ಅಲ್ಲಿ ಬೋಳು ಹೊಲ, ಸೈಟಿನ ಕಲ್ಲುಗಳು. ಇಳಿಯುವ ತನಕ ಕತ್ತು ತಿರುಗಿಸಲಿಲ್ಲ.

ಹಾಲು ಕರೆಯುವುದನ್ನು ಭಾವ ಕಲಿತರು. ಹಸುವಿನ ಎಲ್ಲ ಗುಟ್ಟು ಬಲ್ಲವರನ್ನು ಹಸು ಮೊದಲ ದಿನವೇ ಒದ್ದು ಗಂಜಲದಲ್ಲಿ ಕೂರಿಸಿತು. ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, "ಹೆಬ್ಬೆರಳು ಮಡಿಸ್ಬೇಡಿ, ಹಸು ಮುನಿಯುತ್ತೆ" ಅಂತ ಪಾಠ ಹೇಳುತ್ತಿದ್ದಳು. ನಾನು ಪಾಠ ಹೇಳುವವಳಾದರೂ ಅಷ್ಟು ತಾಳ್ಮೆ ನನಗಿಲ್ಲ. ಉಪ್ಪಿಲ್ಲದ ಸಾರು ಎರಡೂ ಒಲೆಯ ಮೇಲೆ ಬೇಯತೊಡಗಿತು, ಯಾಕೆಂದರೆ ಒಂದು ಒಲೆಯಲ್ಲಿ ಉಪ್ಪಿದ್ದರೆ ಅಕ್ಕ ಆ ಒಲೆಗೆ ನೆಂಟಳಾಗಿ ಬರುತ್ತಾಳೆ ಅಂತ ನನಗೆ ಗೊತ್ತು. ನನ್ನ ಗಂಡ ಮುಖ ಹಿಂಡಿದರು. ಹಿಂಡಿದ್ದು ಸಾಕು, ಸಡಿಲ ಮಾಡಿಕೊಂಡು ತಿನ್ನಿ ಅಂದೆ. ಸಂಜೆ ಅಕ್ಕನೂ ನಾನೂ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆವು. ಮೊದಮೊದಲು ಅರ್ಧಕ್ಕೇ ಕೂರುತ್ತಿದ್ದಳು. ಆಮೇಲೆ ಆ ಕಡೆಯ ತೂಬಿನ ತನಕ ಬಂದಳು, ಊರಿನ ಸುದ್ದಿ ಆಡುತ್ತಲೇ ಬಂದಳು. ನಡೆಯುತ್ತಾ ಮಾತಾಡಲು ಉಸಿರು ಸಾಲುತ್ತಿದೆ ಅಂದರೆ ಒಳ್ಳೆಯದಂತೆ. ಅವಳ ಚಾಡಿಮಾತು ಕೇಳಿ ನಾನು ಅಷ್ಟು ಸಂತೋಷಪಟ್ಟದ್ದು ಹಿಂದೆಂದೂ ಇಲ್ಲ.

ಆದರೂ ನನಗೆ ಒಳಗೊಳಗೇ ಭಯವಿತ್ತು. ಒಂದು ಸಲ ಸಿಕ್ಕಿತು, ಸರಿ. ಮತ್ತೆ ಬಿಗಿಯತೊಡಗಿದರೆ ಹೇಳುವವರು ಯಾರು? ಅವಳ ಬಾಯಲ್ಲಿ "ಏನೂ ಇಲ್ಲ" ಬಿಟ್ಟು ಬೇರೆ ಬರುವುದಿಲ್ಲ. ಈಗ ಅವಳು ಹಾಲು ಕರೆಯುವುದಿಲ್ಲವಾದ್ದರಿಂದ ಹಾಲಿನಲ್ಲೂ ಗೊತ್ತಾಗುವುದಿಲ್ಲ. ನಾನು ಬೆಳಗ್ಗೆ ಹೊರಟರೆ ಬರುವುದು ಸಂಜೆ, ನಡುವೆ ಗೋಡೆ ಬೇರೆ.

ಈ ಸಲ ಯುಗಾದಿ ಕಳೆದು ಮತ್ತೆ ತೋರಿಸಲು ಹೊಸಕೋಟೆಗೆ ಹೋದೆವು. ಅಕ್ಕನ ಹೆಸರು ಕೂಗಿದಾಗ ನಾವಿಬ್ಬರೂ ಎದ್ದೆವು. ಭಾವನೂ ಎದ್ದರು. ಬೆಂಚಿನ ಮೇಲೆ ಚೀಲ ಬಿಟ್ಟು, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ದೇವಸ್ಥಾನಕ್ಕೆ ಬರುವವರ ಹಾಗೆ ನಮ್ಮ ಹಿಂದೆ ಒಳಗೆ ಬಂದು ಗೋಡೆಗೆ ಒರಗಿ ನಿಂತರು.

"ಹೇಗಿದ್ದೀರಮ್ಮ?" ಅಂದರು ಡಾಕ್ಟರು.

"ಚೆನ್ನಾಗಿದ್ದೀನಿ ಮೇಡಮ್. ಏನೂ ಇಲ್ಲ."

"ಉಸಿರು?"

"ಏನೂ ಇಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. ನನಗೆ ಗೊತ್ತಿದ್ದದ್ದನ್ನು ಹೇಳಿದೆ, ತೂಬಿನ ತನಕ ನಡೆಯುತ್ತಾಳೆ ಅಂತ. ಅವರು ಪೆನ್ನು ತೆಗೆದುಕೊಂಡರು, ಅದೇ ಮಾತ್ರೆ ಬರೆಯುವವರಿದ್ದರು.

"ಇಲ್ಲ ಮೇಡಮ್" ಅಂದರು ಭಾವ, ಗೋಡೆಯ ಹತ್ತಿರದಿಂದಲೇ. ಗಂಟಲು ಸರಿಮಾಡಿಕೊಂಡರು. "ಹಬ್ಬ ಆದ್ಮೇಲಿಂದ ಎರಡು ದಿಂಬು ಇಟ್ಕೊಂಡು ಮಲಗ್ತಾಳೆ. ಮುಂಚೆ ಒಂದೇ. ಸಂಜೆ ಹೊತ್ತಿಗೆ ಕಾಲುಂಗುರ ಬಿಗಿ ಆಗಿರುತ್ತೆ, ತಿರುಗಿಸ್ಕೊಳ್ತಾಳೆ. ಉಪ್ಪಿನಕಾಯಿ ತಿಂದಿದ್ದಾಳೆ ಅಂತ ಕಾಣುತ್ತೆ, ಕೇಳಿದ್ರೆ ಇಲ್ಲ ಅಂತಾಳೆ."

ಡಾಕ್ಟರು ಪೆನ್ನು ಕೆಳಗಿಟ್ಟು ಅಕ್ಕನ ಪಾದದ ಮೇಲೆ ಬೆರಳು ಒತ್ತಿ ನೋಡಿದರು. ಒತ್ತಿದಲ್ಲಿ ಸಣ್ಣ ಗುಳಿ ಉಳಿಯಿತು. ಈಗಲೇ ಗೊತ್ತಾದದ್ದು ಒಳ್ಳೆಯದ್ದಾಯಿತು, ಇದು ಮಾತ್ರೆಯಲ್ಲೇ ಇಳಿಯುತ್ತೆ, ಎಕೋ ಇನ್ನೊಂದು ಸಲ ನೋಡಿಬಿಡೋಣ ಅಂದರು.

ಅಕ್ಕ ಗಂಡನ ಕಡೆ ತಿರುಗಿದಳು. ಮದುವೆಯಾದಾಗಿನಿಂದ ಆ ಮನುಷ್ಯನನ್ನು ಅಷ್ಟು ನೇರವಾಗಿ ನೋಡಿದ್ದಳೋ ಇಲ್ಲವೋ.

"ಅದ್ಯಾವಾಗ ನೋಡಿದ್ರಿ ನೀವು?"

"ದಿನಾ ನೋಡ್ತೀನಿ" ಅಂದರು ಭಾವ, ನೆಲ ನೋಡುತ್ತಾ.

ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಹಾಗೇ ಹೋಗಿ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದಳು. ಎಕೋ ಮಾಡಲು ದೀಪ ಆರಿಸುವಾಗ ನರ್ಸು, ಗಂಡಸರು ಆಚೆ ಇರಿ ಅಂದಳು. ಅಕ್ಕ ಮಲಗಿದಲ್ಲಿಂದಲೇ, "ಇರ್ಲಿ ಬಿಡಮ್ಮ, ಅವರೂ ನೋಡ್ಲಿ" ಅಂದಳು.